ಚಾಂದಮಾರಿಯ ಕೆಂಪು ಬಾವುಟ

ದಿಲ್ಲಿಯಲ್ಲಿ ನಾನು ಮಾಡುತ್ತಿದ್ದ ಕೆಲಸ ಏನೆಂದು ನನ್ನ ಹೆಂಡತಿಗೆ ಸರಿಯಾಗಿ ತಿಳಿದದ್ದು ನಾನು ನಿವೃತ್ತನಾದ ಮೇಲೆ. ಪೂರ್ತಿ ಕೇಳಿಸಿಕೊಂಡು, “ಇಷ್ಟೇನಾ?” ಅಂದಳು. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾದರೂ ಮೊದಲೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾರು ತಪ್ಪಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದು ಎಲ್ಲ ಕಚೇರಿಗಳಲ್ಲೂ ಒಂದೇ ಕಥೆ.

ಕೆಲಸ ಇಷ್ಟು. ದೇಶಕ್ಕೆ ಸೈನ್ಯವಿದೆ. ಸೈನ್ಯವನ್ನು ನೋಡಿಕೊಳ್ಳಲು ಒಂದು ಇಲಾಖೆಯಿದೆ. ಇಲಾಖೆ ಸರಿಯಾಗಿ ನೋಡಿಕೊಳ್ಳುತ್ತಿದೆಯೇ, ಸಿಪಾಯಿಯ ಕಾಲಿಗೆ ಬೂಟು ಬಂತೇ, ಕೊಂಡ ತೋಪು ಸಿಡಿಯುತ್ತದೆಯೇ ಎಂದು ವಿಚಾರಿಸಲು ಸಂಸತ್ತಿನ ಸದಸ್ಯರ ಒಂದು ಸಮಿತಿಯಿದೆ. ಆ ಸಮಿತಿಗೆ ಪ್ರಶ್ನೆ ಬರೆದುಕೊಟ್ಟು, ವರದಿ ಬರೆದುಕೊಟ್ಟು, ನಡುವೆ ಗೋಡಂಬಿ ತರಿಸಿಕೊಡುವ ಒಂದು ಚಿಕ್ಕ ಕಚೇರಿಯಿದೆ. ಆ ಕಚೇರಿಯಲ್ಲಿ ಕಿಟಕಿ ಪಕ್ಕದ ಮೇಜು ನನ್ನದು.

ನಾನು ಹುಟ್ಟಿದ್ದು ನಾರಾಯಣಖೇಡದಲ್ಲಿ, ಓದಿದ್ದು ಜಹೀರಾಬಾದಿನಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖ್ಖನಿ, ಬೀಗರ ಮನೆಯಲ್ಲಿ ಮರಾಠಿ. ಸಂದರ್ಶನದಲ್ಲಿ ಒಬ್ಬರು, ಇಷ್ಟು ಭಾಷೆ ಇಟ್ಟುಕೊಂಡು ಇಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ತಿಳಿಯಿತು. ಅಷ್ಟೂ ಭಾಷೆಗಳಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ಅಲ್ಲಿ ಕಲಿತೆ.

ಕಲಿಸಿದವರು ನನ್ನ ಮೊದಲ ಮೇಲಧಿಕಾರಿ ಸೂದ್ ಸಾಹೇಬರು. ತೆಳ್ಳಗಿನ ಮನುಷ್ಯ, ನಗುವಾಗಲೂ ಕನ್ನಡಕ ಸರಿಪಡಿಸಿಕೊಂಡು ನಗುತ್ತಿದ್ದರು. ಅವರ ಪ್ರಕಾರ ನಮ್ಮ ಕೈಯಲ್ಲಿದ್ದ ಆಯುಧ ಕ್ರಿಯಾಪದ. ಸಮಿತಿ ಯಾರನ್ನೂ ಬೈಯುವುದಿಲ್ಲ. ಮೊದಲು ‘ಗಮನಿಸುತ್ತದೆ’. ಅದಕ್ಕೂ ಜಗ್ಗದಿದ್ದರೆ ‘ಆಶಿಸುತ್ತದೆ’. ಆಮೇಲೆ ‘ಬಯಸುತ್ತದೆ’. ಇಲಾಖೆ ತೀರ ಹದ್ದು ಮೀರಿದಾಗ ‘ವಿಷಾದಿಸುತ್ತದೆ’. ನಾನು ಬರೆದ ಮೊದಲ ಕರಡಿನಲ್ಲಿ ಒಂದೇ ಪುಟದಲ್ಲಿ ಮೇಲಿಂದ ಮೇಲೆ ವಿಷಾದಿಸಿಬಿಟ್ಟಿದ್ದೆ. ಸಾಹೇಬರು ಕರೆದು ಕೂರಿಸಿ, “ಇರುವ ಮದ್ದುಗುಂಡೆಲ್ಲ ಇವತ್ತೇ ಹಾರಿಸಿಬಿಟ್ಟರೆ ನಿಜವಾದ ಯುದ್ಧ ಬಂದಾಗ ಏನು ಮಾಡುತ್ತೀಯಪ್ಪಾ?” ಎಂದು ಕೇಳಿದರು. ಎಲ್ಲವನ್ನೂ ಹೊಡೆದುಹಾಕಿ ಒಂದೇ ಒಂದು ‘ಆಶಿಸುತ್ತದೆ’ ಉಳಿಸಿದರು.

ಇಲಾಖೆಯೂ ಕಡಿಮೆಯದಲ್ಲ. ನಾವು ಏನೇ ಬರೆದರೂ ಅಲ್ಲಿಂದ ಬರುತ್ತಿದ್ದ ಉತ್ತರ, ಸಮಿತಿಯ ಅಮೂಲ್ಯ ಅಭಿಪ್ರಾಯವನ್ನು ಗಮನದಲ್ಲಿಟ್ಟುಕೊಳ್ಳಲಾಗಿದೆ ಎಂಬುದೇ. ಮೂಗಿಗೆ ತುಪ್ಪ ಸವರುವುದರಲ್ಲಿ ಅವರಷ್ಟು ನುರಿತವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರು ಗಮನದಲ್ಲಿಟ್ಟುಕೊಂಡದ್ದನ್ನು ನಾವು ಮತ್ತೆ ಗಮನಿಸುತ್ತಿದ್ದೆವು. ಹೀಗೆ ದೇಶದಲ್ಲಿ ಗಮನಕ್ಕೇನೂ ಕೊರತೆಯಿರಲಿಲ್ಲ.

ಸಾಕ್ಷ್ಯದ ದಿನವೆಂದರೆ ಇಲಾಖೆಯ ಹಿರಿಯರೂ ಸಮವಸ್ತ್ರದ ಹಿರಿಯರೂ ಬಂದು ಸಮಿತಿಯ ಮುಂದೆ ಕೂತು ಉತ್ತರ ಹೇಳುವ ದಿನ. ಹಿಂದಿನ ಸಂಜೆ ಅವರ ಕಡೆಯ ಅಧಿಕಾರಿಯೊಬ್ಬರು ಫೋನು ಮಾಡುತ್ತಿದ್ದರು.

“ನಾಳೆ ಏನು ಪ್ರಶ್ನೆ ಕೇಳಿಸುತ್ತೀರಿ?”

“ನಿಮ್ಮ ಹತ್ತಿರ ಯಾವ ಉತ್ತರ ತಯಾರಿದೆ?”

“ಟ್ಯಾಂಕಿನದು.”

“ಹಾಗಿದ್ದರೆ ಪ್ರಶ್ನೆಯೂ ಟ್ಯಾಂಕಿನದೇ.”

ಇದರಲ್ಲಿ ಮೋಸವೇನೂ ಇರಲಿಲ್ಲ. ಪ್ರಶ್ನೆಯೂ ಉತ್ತರವೂ ಬೇರೆ ಬೇರೆ ಊರಿಗೆ ಹೋಗಿ ಅಲೆಯುವುದು ಬೇಡವೆಂಬ ಕಳಕಳಿ ಅಷ್ಟೇ. ಒಮ್ಮೆ ಮಾತ್ರ ಹೊಸದಾಗಿ ಗೆದ್ದು ಬಂದ ಸದಸ್ಯೆಯೊಬ್ಬರು ನಾವು ಕೊಟ್ಟ ಹಾಳೆಯನ್ನು ಮಡಚಿಟ್ಟು, ಸಿಪಾಯಿಗೆ ಹೆಂಡತಿ ಹೆರುವ ಹೊತ್ತಿಗೆ ರಜೆ ಸಿಗುತ್ತದೋ ಇಲ್ಲವೋ ಎಂದು ಕೇಳಿಬಿಟ್ಟರು. ಎದುರು ಸಾಲಿನಲ್ಲಿ ಕಡತಗಳು ಪಟಪಟ ಮಗುಚಿದವು. ಚೀಟಿಗಳು ಹಿಂದಿನ ಸಾಲಿಗೆ ಹೋದವು, ಖಾಲಿ ಬಂದವು. ಕೊನೆಗೆ ಲಿಖಿತ ಉತ್ತರ ಸಲ್ಲಿಸುತ್ತೇವೆ ಎಂದರು. ಉತ್ತರ ಬರುವಷ್ಟರಲ್ಲಿ ಆ ಸದಸ್ಯೆಯ ಅವಧಿ ಮುಗಿದು ಅವರು ಊರಿಗೆ ಹೋಗಿದ್ದರು.

ಹಿಮದ ನಾಡಿನ ಸಿಪಾಯಿಗಳ ಮೇಲಂಗಿಯ ಬಗ್ಗೆ ದೂರು ಬಂದಾಗ ಇಲಾಖೆ ಒಂದು ಮಾದರಿಯನ್ನೇ ತಂದು ಮೇಜಿನ ಮೇಲೆ ಇಟ್ಟಿತು. ಹೊರಗೆ ದಿಲ್ಲಿಯ ಮೇ ತಿಂಗಳು, ಒಳಗೆ ಹಲ್ಲು ಕಟಕಟಿಸುವಷ್ಟು ಎ.ಸಿ. ಆಗಿನ ಅಧ್ಯಕ್ಷರು ವಯಸ್ಸಾದವರು. ಪರೀಕ್ಷೆಗೆಂದು ಹಾಕಿಕೊಂಡರು, ಮತ್ತೆ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿತು. ಎಚ್ಚರವಾದಾಗ, “ಬಹಳ ಚೆನ್ನಾಗಿದೆ” ಎಂದರು. ಶೀಘ್ರಲಿಪಿಕಾರರು ಬರೆದುಕೊಂಡರು. ಮೇಲಂಗಿಯ ಗುಣಮಟ್ಟದ ಬಗ್ಗೆ ಸಮಿತಿ ತೃಪ್ತಿ ವ್ಯಕ್ತಪಡಿಸಿತು ಎಂದು ನಾನೇ ವರದಿಯಲ್ಲಿ ಬರೆದೆ.

ಗುಟ್ಟಿನ ವಿಚಾರವನ್ನೂ ಹೇಳಬೇಕು. ಕಂಬಳಿ ಎಷ್ಟು ಬೇಕು ಎಂದು ಕೇಳಿದರೆ ಉತ್ತರ ಮೊಹರು ಮಾಡಿದ ಲಕೋಟೆಯಲ್ಲಿ ಬರುತ್ತಿತ್ತು. ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಕೀಲಿಯನ್ನು ಜನಿವಾರದಂತೆ ಕಾಪಾಡುತ್ತಿದ್ದೆವು. ಅದೇ ವಾರ ಪತ್ರಿಕೆಯಲ್ಲಿ ಅದೇ ಕಂಬಳಿಗೆ ಟೆಂಡರ್ ಜಾಹೀರಾತು ಬರುತ್ತಿತ್ತು, ಅಳತೆ, ಬಣ್ಣ, ಸಂಖ್ಯೆ ಸಮೇತ. ಆದರೂ ನಮ್ಮ ಬೀರುವಿನ ಕೀಲಿ ತೆಗೆಯುವಂತಿರಲಿಲ್ಲ.

ಕೆಲಸದ ರೀತಿ ಬದಲಾದದ್ದೂ ಉಂಟು. ಮೊದಲು ಸಾಕ್ಷಿ ಹೇಳುವವರು ಅಧ್ಯಕ್ಷರ ಮುಖ ನೋಡಿ ಮಾತಾಡಬೇಕಿತ್ತು. ಸುಳ್ಳು ಹೇಳುವಾಗ ಕೆಲವರ ಕಿವಿ ಕೆಂಪಾಗುತ್ತಿತ್ತು, ನಮಗೆ ಅಷ್ಟರಿಂದಲೇ ಅರ್ಧ ವರದಿ ಸಿಗುತ್ತಿತ್ತು. ಆಮೇಲೆ ಗೋಡೆಗೆ ಪರದೆ ಬಂತು. ದೀಪ ಆರಿಸಿ ಚಿತ್ರ ತೋರಿಸತೊಡಗಿದರು. ಕತ್ತಲಲ್ಲಿ ಯಾರ ಕಿವಿಯೂ ಕಾಣದು. ಸದಸ್ಯರಿಗೂ ಮರ್ಯಾದೆಯಿಂದ ನಿದ್ದೆ ಮಾಡುವ ಅನುಕೂಲವಾಯಿತು.

ಇದೆಲ್ಲ ನಗುವ ಮಾತಾಯಿತು. ನಗು ಬಾರದ ಒಂದು ವಿಚಾರವಿದೆ. ಅದು ನನ್ನ ಅಕ್ಕನ ಊರಿನದು.

ತಾಂಡೂರಿನಿಂದ ಒಳಗೆ, ಗಡಿಯ ಕಡೆಗೆ ಹೋದರೆ ಮರವಿಲ್ಲದ ಒಂದು ಕಲ್ಲು ಬಯಲು ಸಿಗುತ್ತದೆ. ಸೈನ್ಯದವರು ಗುಂಡಿನ ಅಭ್ಯಾಸ ಮಾಡುವ ಜಾಗ. ನಮ್ಮ ಕಡೆ ಅದಕ್ಕೆ ಚಾಂದಮಾರಿ ಎನ್ನುತ್ತಾರೆ. ಅದರಾಚೆ ನನ್ನ ಅಕ್ಕ ಶಾಂತಕ್ಕನ ಹಳ್ಳಿ. ಹಳ್ಳಿಯಿಂದ ತಾಂಡೂರಿನ ಬಸ್ಸು ಹಿಡಿಯಬೇಕಾದರೆ ಬಯಲಿನ ಅಂಚಿನ ಮಣ್ಣುದಾರಿಯಲ್ಲಿ ನಡೆದು ದಾಟಬೇಕು. ಕಂಬದ ಮೇಲೆ ಕೆಂಪು ಬಾವುಟವಿದ್ದರೆ ದಾಟುವಂತಿಲ್ಲ. ಸುತ್ತಿಬಳಸಿ ಹೋಗುವ ಇನ್ನೊಂದು ದಾರಿಯಿದೆ, ಆ ದಾರಿಗೆ ಬಸ್ಸಿಲ್ಲ, ಮನುಷ್ಯರ ಸುಳಿವೂ ಇಲ್ಲ.

ರಜೆಗೆ ಬಂದವನು ಒಮ್ಮೆ ಅಕ್ಕನನ್ನು ನೋಡಲು ಹೋದೆ. ಬಾವುಟ ಹಾರಾಡುತ್ತಿತ್ತು. ಗುಂಡಿನ ಸದ್ದೇನೂ ಇರಲಿಲ್ಲ. ಕಾವಲಿನ ಸಿಪಾಯಿ ಆಟೋ ತಡೆದು ವಾಪಸು ಕಳಿಸಿದ. ಸುತ್ತುದಾರಿ ಹಿಡಿದು ಅಕ್ಕನ ಮನೆ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಅಕ್ಕ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಏನ್ ತಮ್ಮಾ, ಫೌಜೆಲ್ಲಾ ನಿನ್ನ ಕೈಯಾಗ ಅದಾ ಅಂತಾರ ಊರ ಮಂದಿ. ಒಂದ್ ಝಂಡಾ ಇಳಿಸಾಕ ಆಗೂದಿಲ್ಲೇನು?”

“ಫೌಜು ನನ್ನ ಕೈಯಾಗ ಇಲ್ಲ ಅಕ್ಕಾ. ನಾವು ಅವರಿಗಿ ಪ್ರಶ್ನೆ ಕೇಳ್ತೀವಿ, ಅಷ್ಟೇ.”

“ಕೇಳಿದ ಮ್ಯಾಲ?”

“ಅವರು ಉತ್ತರ ಕೊಡ್ತಾರ.”

“ಕೊಟ್ಟ ಮ್ಯಾಲ?”

“ನಾವು ಗಮನಿಸ್ತೀವಿ.”

ಅಕ್ಕ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಇದಕ್ಕ ನಿನಗ ಪಗಾರ ಕೊಡ್ತಾರಾ?”

ಆಮೇಲೆ ವಿಷಯ ಹೇಳಿದಳು. ಗುಂಡು ಹಾರಿಸುವ ದಿನ ಬಾವುಟ ಏರಿಸುವುದು ಸರಿ, ಅದಕ್ಕೆ ಯಾರ ತಕರಾರೂ ಇಲ್ಲ. ಏರಿಸಿದ್ದನ್ನು ಇಳಿಸುತ್ತಿಲ್ಲ. ಇಳಿಸುವ ಮೊದಲು ಬಯಲನ್ನೆಲ್ಲ ಜಾಲಾಡಿ, ಸಿಡಿಯದೆ ಉಳಿದ ಮದ್ದು ಇಲ್ಲವೆಂದು ಅಧಿಕಾರಿಯೊಬ್ಬರು ಸಹಿ ಹಾಕಬೇಕಂತೆ. ಆ ಹುದ್ದೆ ಖಾಲಿ. ಹೆಚ್ಚುವರಿ ಹೊಣೆ ಹೊತ್ತವರು ದೂರದ ಪಟ್ಟಣದಲ್ಲಿ ಇದ್ದಾರೆ, ಒಂದು ಸಹಿಗಾಗಿ ಅಷ್ಟು ದೂರ ಯಾರು ಬರುತ್ತಾರೆ? ಹೀಗಾಗಿ ವರ್ಷದಲ್ಲಿ ಕೆಲವೇ ದಿನ ಗುಂಡು, ಉಳಿದೆಲ್ಲ ದಿನ ಬರೀ ಬಾವುಟ. ಊರಿನ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಮುಂದೆ ಓದಬೇಕಾದರೆ ತಾಂಡೂರು. ಗಂಡು ಹುಡುಗರು ಯಾರದೋ ಬೈಕಿನ ಹಿಂದೆ ಕೂತು ಸುತ್ತುದಾರಿಯಲ್ಲಿ ಹೋಗುತ್ತಾರೆ. ಹೆಣ್ಣುಮಕ್ಕಳನ್ನು ಆ ದಾರಿಗೆ ಯಾರೂ ಕಳಿಸುವುದಿಲ್ಲ. ಅಕ್ಕನ ಮೊಮ್ಮಗಳು ಮಹಾದೇವಿ ಎಂಟನೆಯದಕ್ಕೆ ಹೆಸರು ಹಚ್ಚಿ, ಅರ್ಧ ವರ್ಷ ಬಾವುಟ ನೋಡಿ, ಶಾಲೆ ಬಿಟ್ಟಿದ್ದಳು. ಅವಳ ತಂಗಿ ಭಾಗ್ಯ ಆಗಿನ್ನೂ ಅಂಗನವಾಡಿಯ ಕೂಸು.

“ಈ ಸಣ್ಣಾಕಿ ಆದ್ರೂ ಹತ್ತನೇತ್ತ ಪರೀಕ್ಷಾ ಬರೀಬೇಕು. ಇಷ್ಟು ಮಾಡು. ಬ್ಯಾರೆ ಏನೂ ಕೇಳೂದಿಲ್ಲ ನಾ,” ಎಂದಳು ಅಕ್ಕ.

ಆ ವರ್ಷ ಸಮಿತಿ ಸೈನ್ಯದ ಜಮೀನುಗಳ ವಿಷಯವನ್ನೇ ಎತ್ತಿಕೊಂಡಿತ್ತು. ನೋಡಬೇಕಾದ ಸ್ಥಳಗಳಲ್ಲಿ ಈ ಚಾಂದಮಾರಿಯ ಹೆಸರನ್ನೂ ಸೇರಿಸಿದೆ. ತಾಂಡೂರು ಎಂದರೆ ಸದಸ್ಯರಾರಿಗೂ ಗೊತ್ತಿರಲಿಲ್ಲ. ಹೈದರಾಬಾದಿನ ಮೇಲೆ ಹಾದು ಹೋಗಬೇಕು ಎಂದೆ. ಬಿರಿಯಾನಿಯ ದೃಷ್ಟಿಯಿಂದ ಸಮಿತಿ ಸರ್ವಾನುಮತದಿಂದ ಒಪ್ಪಿತು.

ಸಮಿತಿ ಬರುತ್ತದೆಂದರೆ ಏನಾಗುತ್ತದೆ ಎಂಬುದನ್ನು ನಾನು ಅಲ್ಲಿಯವರೆಗೆ ದಿಲ್ಲಿಯ ಕಡೆಯಿಂದ ಮಾತ್ರ ಕಂಡಿದ್ದೆ. ಆ ಸಲ ಹಳ್ಳಿಯ ಕಡೆಯದನ್ನು ಅಕ್ಕನ ಬಾಯಿಂದ ಕೇಳಿದೆ. ಸದಸ್ಯರ ಕಾರುಗಳು ಬಯಲಿನ ಅಂಚಿನಲ್ಲೇ ಹಾಯಬೇಕಿತ್ತು. ಕೆಂಪು ಬಾವುಟದ ಕೆಳಗೆ ಸಂಸತ್ ಸದಸ್ಯರನ್ನು ಕರೆದೊಯ್ಯುವುದು ಹೇಗೆ? ಹಿಂದಿನ ವಾರವೇ ಅಧಿಕಾರಿ ಓಡಿ ಬಂದರು. ಸಿಪಾಯಿಗಳು ಸಾಲಾಗಿ ನಡೆದು ಬಯಲನ್ನು ಅಂಗೈಯಗಲವೂ ಬಿಡದೆ ಜಾಲಾಡಿದರು. ಸಹಿ ಬಿತ್ತು, ಬಾವುಟ ಇಳಿಯಿತು. ಊರಿನ ಹೆಣ್ಣುಮಕ್ಕಳು ಆ ವಾರವೆಲ್ಲ ಶಾಲೆಗೆ ಹೋದರು.

ಸಮಿತಿ ಬಂತು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಸವಿಯಿತು. ಅಕ್ಕ ನೇರವಾಗಿ ಅಧ್ಯಕ್ಷರ ಮುಂದೆ ನಿಂತು ದಖ್ಖನಿಯಲ್ಲಿ ಬಾವುಟದ ಮಾತು ಹೇಳಿದಳು. ಅಧ್ಯಕ್ಷರಿಗೆ ನಿಜವಾಗಿಯೂ ಮನಸ್ಸು ಕರಗಿತು. “ಸಮಿತಿ ಇದನ್ನು ಗಂಭೀರವಾಗಿ ಪರಿಗಣಿಸುತ್ತದೆ, ತಾಯಿ,” ಎಂದರು. ಸಮಿತಿ ವಿಮಾನ ಹತ್ತಿದ ಮೇಲೆ ಸ್ವಲ್ಪ ದಿನಕ್ಕೇ ಮತ್ತೆ ಗುಂಡಿನ ಅಭ್ಯಾಸ ನಡೆಯಿತು. ಬಾವುಟ ಏರಿತು, ಏರಿದ್ದು ನಿಂತೇ ಬಿಟ್ಟಿತು.

ವರದಿಯಲ್ಲಿ ನಾನು ಒಂದು ವಾಕ್ಯ ಬರೆದೆ: ಗುಂಡು ಹಾರಿಸದ ದಿನ ಬಾವುಟ ಇಳಿಸಬೇಕೆಂದು ಸಮಿತಿ ಬಯಸುತ್ತದೆ. ಸೂದ್ ಸಾಹೇಬರು ಆ ವಾಕ್ಯವನ್ನು ಬಹಳ ಹೊತ್ತು ನೋಡಿದರು.

“ಇದು ಎಲ್ಲರಿಗೂ ಅರ್ಥವಾಗುತ್ತದಲ್ಲ?” ಎಂದರು.

“ಹೌದು ಸರ್.”

“ಅದೇ ತೊಂದರೆ.”

ಅವರು ತಿದ್ದಿದ ಮೇಲೆ ಅದು, ಅಭ್ಯಾಸ ಪ್ರದೇಶಗಳಲ್ಲಿನ ಸೂಚನಾ ವ್ಯವಸ್ಥೆಯನ್ನು ಸೂಕ್ತ ರೀತಿಯಲ್ಲಿ ಆಧುನೀಕರಿಸುವ ಸಾಧ್ಯತೆಯನ್ನು ಪರಿಶೀಲಿಸಬೇಕೆಂದು ಸಮಿತಿ ಆಶಿಸುತ್ತದೆ ಎಂದಾಯಿತು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಎರಡೂ ಕಡೆ ಬೆಳಕು. ಇಲಾಖೆ ತುಂಬ ಸಂತೋಷದಿಂದ ಉತ್ತರಿಸಿತು. ಬಟ್ಟೆಯ ಬಾವುಟದ ಬದಲು ವಿದ್ಯುತ್ ಫಲಕ ಹಾಕುವ ಬಗ್ಗೆ ತಜ್ಞರ ಗುಂಪು ನೇಮಿಸಲಾಗಿದೆ, ಗುಂಪು ವಿದೇಶಗಳ ಫಲಕಗಳನ್ನು ಅಧ್ಯಯನ ಮಾಡುತ್ತಿದೆ ಎಂದಿತು. ಸಮಿತಿ ಈ ದಿಟ್ಟ ಹೆಜ್ಜೆಯನ್ನು ಮೆಚ್ಚಿಕೊಂಡಿತು. ಮೆಚ್ಚುಗೆಯ ವಾಕ್ಯ ಬರೆಯುವಾಗ ನನಗೆ ನಾಚಿಕೆಯಾಯಿತು. ಮಹಾದೇವಿ ಅಷ್ಟೊತ್ತಿಗೆ ಊರ ಹತ್ತಿರದ, ನೆಲಕ್ಕೆ ಹಾಸುವ ಪರಶಿ ಕಲ್ಲಿನ ಪಾಲಿಶ್ ಕಾರ್ಖಾನೆಗೆ ಕೆಲಸಕ್ಕೆ ಹೋಗತೊಡಗಿದ್ದಳು.

ಹಾಗೆ ವರ್ಷಗಳು ಉರುಳಿದವು. ಬೆಟ್ಟ ಅಗೆದು ಇಲಿ ಹಿಡಿದೆವು ಎನ್ನಲೂ ಬಾರದು, ಇಲಿಯೂ ಸಿಕ್ಕಿರಲಿಲ್ಲ. ಭಾಗ್ಯ ಊರ ಶಾಲೆಯಲ್ಲಿ ಕೊನೆಯ ತರಗತಿಗೆ ಬಂದಿದ್ದಳು. ಆಗ ಒಂದು ಎಡವಟ್ಟಾಯಿತು. ಪ್ರವಾಸಕ್ಕೆ ಹೋಗುವ ಮೊದಲು ನಾವು ಇಲಾಖೆಗೆ ಸಂಭಾವ್ಯ ಪ್ರವಾಸ ಕಾರ್ಯಕ್ರಮ ಎಂಬುದನ್ನು ಕಳಿಸುತ್ತಿದ್ದೆವು. ಹೋಗಬಹುದಾದ ಜಾಗಗಳೆಲ್ಲ ಅದರಲ್ಲಿ ಇರುತ್ತಿದ್ದವು. ಕೊನೆಗೆ ಅಧ್ಯಕ್ಷರು ಸಮುದ್ರವೋ ಬೆಟ್ಟವೋ ಇರುವ ಕಡೆ ಬೆರಳಿಡುತ್ತಿದ್ದರು, ಉಳಿದವು ತಾವಾಗಿಯೇ ಬಿದ್ದುಹೋಗುತ್ತಿದ್ದವು. ಆ ಸಲ ಹಳೆಯ ಪ್ರತಿಯನ್ನೇ ನಕಲು ಮಾಡಿದ್ದರಿಂದ ಚಾಂದಮಾರಿಯ ಹೆಸರು ಅದರಲ್ಲಿ ಉಳಿದುಬಿಟ್ಟಿತ್ತು. ದಿನಾಂಕದ ಜಾಗದಲ್ಲಿ ‘ಆಮೇಲೆ ತಿಳಿಸಲಾಗುವುದು’ ಎಂದಿತ್ತು. ನನಗೆ ಅದರ ನೆನಪೂ ಇರಲಿಲ್ಲ. ಅಕ್ಕನ ಫೋನು ಬಂತು.

“ತಮ್ಮಾ, ಝಂಡಾ ಇಳಿಸ್ಯಾರ! ಆಫೀಸರ್ ಬಂದಾನ, ಬಯಲೆಲ್ಲಾ ಹುಡಿಕ್ಯಾರ. ನೀವ್ ಬರ್ಲಾಕ್ ಹತ್ತೀರೇನು?”

“ಇಲ್ಲ ಅಕ್ಕಾ. ಈ ಸಲ ಸಮುದ್ರದ ಕಡಿ ಹೊಂಟೀವಿ.”

“ಛಲೋ ಆತು. ನೀವ್ ಬರಬ್ಯಾಡ್ರಿ. ಬರ್ತೀವಿ ಅಂತ ಅಷ್ಟೇ ಅನ್ಕೋತ ಇರ್ರಿ,” ಎಂದಳು.

ಅಷ್ಟು ವರ್ಷ ಸೂದ್ ಸಾಹೇಬರಿಂದ ಕಲಿತದ್ದಕ್ಕಿಂತ ಹೆಚ್ಚಿನದನ್ನು ಆ ಮಾತಿನಿಂದ ಕಲಿತೆ. ಸಮಿತಿಯ ಶಿಫಾರಸಿಗೆ ಯಾರೂ ಹೆದರುವುದಿಲ್ಲ. ಸಮಿತಿಯ ವಿಷಾದಕ್ಕೂ ಹೆದರುವುದಿಲ್ಲ. ಸಮಿತಿ ಬಂದು ಹೋದ ಮೇಲಂತೂ ಕೇಳುವವರೇ ಇಲ್ಲ. ಬರಬಹುದು ಎಂದರೆ ಮಾತ್ರ ಹೆದರುತ್ತಾರೆ. ಊಟಕ್ಕೆ ಯಾರು ಏನು ತಿನ್ನುತ್ತಾರೋ, ಯಾರು ಏನು ಕೇಳಿಬಿಡುತ್ತಾರೋ ಎಂಬ ಭಯ ಅವರಿಗೆ. ಆ ದಿನದಿಂದ ಪ್ರತಿ ಸಂಭಾವ್ಯ ಕಾರ್ಯಕ್ರಮದಲ್ಲೂ ನಮ್ಮ ಚಾಂದಮಾರಿ ಇದ್ದೇ ಇತ್ತು. ಪ್ರತಿಸಲವೂ ಅಧ್ಯಕ್ಷರ ಮುಂದೆ ಇಟ್ಟೇ ಕಳಿಸುತ್ತಿದ್ದೆ. ಅಧ್ಯಕ್ಷರು ಓದದೆ ಸಹಿ ಹಾಕುತ್ತಿದ್ದರು, ಅದು ಅವರ ಪದ್ಧತಿ. ಗುಂಡಿನ ಅಭ್ಯಾಸ ಮುಗಿದ ಕೂಡಲೆ ಬಯಲು ಹುಡುಕಿ, ಸಹಿ ಮಾಡಿ, ಬಾವುಟ ಇಳಿಸುವುದನ್ನು ಅಲ್ಲಿನವರೂ ಪದ್ಧತಿ ಮಾಡಿಕೊಂಡರು. ಭಾಗ್ಯ ತಾಂಡೂರಿನ ಶಾಲೆಗೆ ಸೇರಿ ಎಂಟು ಮುಗಿಸಿದಳು, ಒಂಬತ್ತು ಮುಗಿಸಿದಳು.

ನಾನು ನಿವೃತ್ತನಾಗಿ ಜಹೀರಾಬಾದಿಗೆ ಬಂದೆ. ನನ್ನ ಜಾಗಕ್ಕೆ ಮೇಘನಾ ಎಂಬ ಹುಡುಗಿ ಬಂದಳು. ಚುರುಕು, ಪ್ರಾಮಾಣಿಕಳು. ಇಂಥವರು ಬಂದರೆ ಕಚೇರಿಗೆ ಒಳ್ಳೆಯದು ಎಂದು ನಾನೇ ಬೀಳ್ಕೊಡುಗೆಯಲ್ಲಿ ಹೇಳಿದ್ದೆ. ಕೆಲವು ತಿಂಗಳ ಮೇಲೆ ಅವಳೇ ಫೋನು ಮಾಡಿ, “ಸರ್, ಸಂಭಾವ್ಯ ಕಾರ್ಯಕ್ರಮವನ್ನು ಶುದ್ಧ ಮಾಡಿದೆ. ವರ್ಷಗಟ್ಟಲೆ ಹೋಗದ ಜಾಗಗಳೆಲ್ಲ ಹಾಗೇ ಕೂತಿದ್ದವು. ತೆಗೆದುಹಾಕಿದೆ,” ಎಂದು ಹೆಮ್ಮೆಯಿಂದ ಹೇಳಿದಳು.

ಆ ಚಳಿಗಾಲದ ಗುಂಡಿನ ಅಭ್ಯಾಸ ಮುಗಿಯಿತು, ಬಾವುಟ ಮೇಲೆಯೇ ಉಳಿಯಿತು. ಭಾಗ್ಯ ಹತ್ತನೆಯ ತರಗತಿಯಲ್ಲಿದ್ದಳು, ಪರೀಕ್ಷೆ ಹತ್ತಿರ ಬಂದಿತ್ತು. ಮೇಘನಾಗೆ ಫೋನು ಮಾಡಿ ಆ ಹೆಸರನ್ನು ಮತ್ತೆ ಸೇರಿಸಲು ಸಾಧ್ಯವೇ ಎಂದು ಕೇಳಿದೆ. “ಅಧ್ಯಕ್ಷರ ಒಪ್ಪಿಗೆಯಿಲ್ಲದೆ ಹೇಗೆ ಸರ್? ಕಾರಣ ಏನೆಂದು ಬರೆಯಲಿ?” ಎಂದಳು. ಹೇಳಬಹುದಾದ ಕಾರಣ ನನ್ನಲ್ಲಿ ಇರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ: ಬಾವುಟ ಯಾವಾಗ ಇಳಿಯುತ್ತದೆ? ದೇಶದ ಭದ್ರತೆಯ ದೃಷ್ಟಿಯಿಂದ ಬಾವುಟದ ಸ್ಥಿತಿಯನ್ನು ಬಹಿರಂಗಪಡಿಸಲಾಗದು ಎಂದು ಉತ್ತರ ಬಂತು. ಆ ಬಾವುಟ ಅಷ್ಟು ದೂರದ ಬಸ್ ನಿಲ್ದಾಣದಿಂದಲೂ ಕಾಣುತ್ತದೆ.

ಸೋತು ಅಕ್ಕನಿಗೆ ಹೇಳಿದೆ. “ನನ್ನ ಕೈಯಾಗ ಈಗ ಏನೂ ಇಲ್ಲ ಅಕ್ಕಾ.”

“ಮೊದಲೂ ಏನಿತ್ತು ಬಿಡು,” ಎಂದಳು ಅಕ್ಕ. “ನಾಳಿ ಮುಂಜಾನಿ ಬಾ. ಕಮಿಟಿ ಸಂಗಟ ಬಂದಾಗ ಹಾಕ್ಕೊಂಡಿದ್ದೆಲ್ಲಾ, ಆ ಬಂದ್ ಗಲಾ ಕೋಟ್ ಹಾಕ್ಕೊಂಡ್ ಬಾ.”

ಹೋದೆ. ಚಾಂದಮಾರಿಯ ಗೇಟಿನ ಮುಂದೆ ಊರಿನ ಹೆಣ್ಣುಮಕ್ಕಳೆಲ್ಲ ಹಬ್ಬದ ಸೀರೆ ಉಟ್ಟು ಸಾಲಾಗಿ ನಿಂತಿದ್ದರು. ಕೈಯಲ್ಲಿ ಆರತಿ ತಟ್ಟೆ, ತಟ್ಟೆಯಲ್ಲಿ ಕುಂಕುಮ, ಹೂವು, ಕಲ್ಲುಸಕ್ಕರೆ. ಮಹಾದೇವಿ ಕಾರ್ಖಾನೆಗೆ ರಜೆ ಹಾಕಿ ಬಂದು ನಿಂತಿದ್ದಳು. ಸುಬೇದಾರರು ಒಳಗಿನಿಂದ ಗಾಬರಿಯಾಗಿ ಬಂದರು. ಸಮಿತಿ ಬಂದಾಗ ಅಲ್ಲಿ ಹವಾಲ್ದಾರರಾಗಿದ್ದವರು.

“ಕ್ಯಾ ಹೈ ಅಮ್ಮಾ ಯೇ ಸಬ್?” ಎಂದು ಅಕ್ಕನನ್ನು ಕೇಳಿದರು.

“ಕಮಿಟಿ ಆತೀ ಬೋಲೇ ತೋ ಆರತೀ ಲೇಕೇ ಖಡೇ ಹೈಂ,” ಎಂದಳು ಅಕ್ಕ ತಣ್ಣಗೆ. ಸಮಿತಿ ಬಂದರೆ ಆರತಿ ಎತ್ತಬೇಕಲ್ಲ ಎಂದು ನಿಂತಿದ್ದೇವೆ, ಅಷ್ಟೇ.

“ಯಾರು ಹೇಳಿದರು ಬರುತ್ತದೆಂದು?” ಎಂದು ಕೇಳಿದರೆ, ನಮಗ್ಯಾರು ಹೇಳುತ್ತಾರೆ, ಬಂದರೂ ಬರಬಹುದು ಎಂದಳು. ಸುಬೇದಾರರು ಸಾಲನ್ನು ನೋಡುತ್ತ ಬಂದು ಕೊನೆಯಲ್ಲಿ ಬೇವಿನ ಮರದ ಕೆಳಗೆ ಅರ್ಧ ಅಡಗಿ ನಿಂತಿದ್ದ ನನ್ನನ್ನು ಕಂಡರು. ಪಿಂಚಣಿಯ ಭಯಕ್ಕೆ ನಾನು ಮರದ ಹಿಂದಕ್ಕೆ ಇನ್ನಷ್ಟು ಸರಿದೆ. ಅವರು ಟಕ್ಕನೆ ಸೆಲ್ಯೂಟ್ ಹೊಡೆದರು.

“ನಾನು ನಿವೃತ್ತನಾಗಿದ್ದೇನೆ,” ಎಂದೆ. “ಯಾವ ಸಮಿತಿಯೂ ನನಗೆ ಗೊತ್ತಿಲ್ಲ. ಅಕ್ಕನನ್ನು ನೋಡಲು ಬಂದಿದ್ದೇನೆ.”

“ಸಮಝ್ ಗಯಾ ಸಾಬ್,” ಎಂದು ಅವರು ದನಿ ತಗ್ಗಿಸಿ, ಕಣ್ಣು ಮಿಟುಕಿಸಿ ಒಳಗೆ ಓಡಿದರು. ದಿಲ್ಲಿಯಿಂದ ಬಂದವನೊಬ್ಬ ನೇರವಾಗಿ ನಿಜ ಹೇಳಬಹುದು ಎಂಬುದು ಅವರ ಸರ್ವಿಸಿನಲ್ಲಿ ಎಂದೂ ಆಗದ ಸಂಗತಿ.

ಮಧ್ಯಾಹ್ನದ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಮೇಘನಾ. “ಸರ್, ಇಲಾಖೆಯವರು ಒಂದೇ ಸಮನೆ ಕೇಳುತ್ತಿದ್ದಾರೆ, ತಾಂಡೂರಿನ ಕಡೆ ಸಮಿತಿಯ ಗುಪ್ತ ಭೇಟಿ ಇದೆಯಾ ಎಂದು. ಅಲ್ಲಿ ಸ್ವಾಗತಕ್ಕೆ ಜನ ಸೇರಿದ್ದಾರಂತೆ. ಏನಿದು?”

ಎಲ್ಲವನ್ನೂ ಹೇಳಿದೆ. ಬಾವುಟ, ಶಾಲೆ, ಭಾಗ್ಯಳ ಪರೀಕ್ಷೆ, ಅವಳು ತೆಗೆದುಹಾಕಿದ ಹೆಸರು.

“ನಾನು ಸುಳ್ಳು ಹೇಳುವುದಿಲ್ಲ ಸರ್,” ಎಂದಳು.

“ಬೇಡಮ್ಮಾ. ಅಧ್ಯಕ್ಷರ ಒಪ್ಪಿಗೆಯಿಲ್ಲದೆ ಭೇಟಿಯ ಬಗ್ಗೆ ಏನನ್ನೂ ಹೇಳುವಂತಿಲ್ಲ ಎನ್ನು. ನನಗೆ ಹೇಳಿದ್ದೂ ಅದನ್ನೇ ತಾನೆ?”

“ಅದು ನಿಯಮ ಸರ್.”

“ನಿಯಮವನ್ನೇ ಹೇಳು.”

ಅವಳು ನಿಯಮ ಹೇಳಿದಳು. ಅದನ್ನು ಕೇಳಿದ ಇಲಾಖೆಗೆ ಸಂಶಯವೇ ಉಳಿಯಲಿಲ್ಲ. ಬಿಸಿಲು ಇಳಿಯುವ ಮೊದಲು ದೂರದ ಪಟ್ಟಣದ ಅಧಿಕಾರಿಯ ಜೀಪು ಧೂಳೆಬ್ಬಿಸುತ್ತ ಬಂತು. ಸಿಪಾಯಿಗಳು ಸಾಲುಗಟ್ಟಿ ಬಯಲಿಗಿಳಿದರು. ಮರುದಿನ ಹುಡುಕಾಟ ಮುಗಿದು, ಸಹಿ ಬಿದ್ದು, ನಮ್ಮ ಕಣ್ಣೆದುರಿಗೇ ಬಾವುಟ ಕೆಳಗೆ ಬಂತು. ಹೆಣ್ಣುಮಕ್ಕಳು ಕಲ್ಲುಸಕ್ಕರೆಯನ್ನು ಸಿಪಾಯಿಗಳಿಗೇ ಹಂಚಿದರು. ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ಸಂಕೋಚವಿಲ್ಲ. ಅಷ್ಟು ವರ್ಷ ಚಾಕರಿ ಮಾಡಿದ ಮೇಲೆ ಸಮಿತಿಯ ಮಾತಿನಿಂದ ಒಂದು ವಸ್ತು ಅಲ್ಲಾಡಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಆ ಮಾತನ್ನು ಸಮಿತಿ ಆಡಿರಲೂ ಇಲ್ಲ.

ಅಲ್ಲಿಂದೀಚೆಗೆ ಬಾವುಟ ಇಳಿಯುವುದು ತಡವಾದರೆ ಊರಿನ ಹೆಣ್ಣುಮಕ್ಕಳು ತಟ್ಟೆ ಹಿಡಿದು ನಿಲ್ಲುತ್ತಾರೆ. ಇಲಾಖೆ ಫೋನು ಮಾಡುತ್ತದೆ, ಮೇಘನಾ ನಿಯಮ ಹೇಳುತ್ತಾಳೆ. ಮುಂದೆ ಈ ಕೆಲಸಕ್ಕೆ ಬರುವವರು ಇದನ್ನು ಎಲ್ಲಿಯೂ ಬರೆದಿಡಬಾರದು, ಬರೆದರೆ ತಜ್ಞರ ಗುಂಪು ನೇಮಕವಾಗುತ್ತದೆ.

ಪರೀಕ್ಷೆಯ ಮೊದಲ ದಿನ ಭಾಗ್ಯಳನ್ನು ಬಸ್ಸಿಗೆ ಮುಟ್ಟಿಸಲು ನಾನೂ ಮಹಾದೇವಿಯೂ ಹೋಗಿದ್ದೆವು. ಬರೀ ಕಂಬದ ಪಕ್ಕದಲ್ಲಿ ಮೂವರೂ ನಡೆದು ದಾಟಿದೆವು. ಬಸ್ಸು ಹೊರಟುಹೋಯಿತು. ಮಹಾದೇವಿ ಅದು ತಿರುವು ದಾಟುವವರೆಗೆ ನೋಡುತ್ತ ನಿಂತಳು. ಅವಳ ಬೆರಳ ಸಂದಿಗಳಲ್ಲಿ ಕಲ್ಲಿನ ಪುಡಿ ಬಿಳಿಯಾಗಿ ಕೂತಿತ್ತು. ನಾನು ಖುಷಿಯಲ್ಲಿದ್ದೆ, ಏನೋ ಮಾತಾಡುತ್ತಿದ್ದೆ.

“ಮುತ್ಯಾ,” ಎಂದಳು ಅವಳು, ಸಿಟ್ಟಿಲ್ಲದೆ, “ಹಿಂಗ್ ತಾಟ ಹಿಡ್ಕೊಂಡ್ ನಿಂತ್ರ ಇಳಿಸ್ತಾರ ಅಂತ ನಾ ಎಂಟನೇತ್ತ ಇದ್ದಾಗ ಯಾಕ ಯಾರಿಗೂ ಹೊಳಿಲಿಲ್ಲ?”

ಸಮಿತಿಯ ಪರವಾಗಿ ನಾನು ಸಾವಿರಾರು ಪ್ರಶ್ನೆ ಬರೆದಿದ್ದೇನೆ. ಲಿಖಿತ ಉತ್ತರ ಕೊಡುತ್ತೇವೆ ಎಂದು ತಪ್ಪಿಸಿಕೊಳ್ಳಲು ಬಾರದ ಪ್ರಶ್ನೆ ಅದೊಂದೇ. ಕಾರ್ಖಾನೆಗೆ ಹೊತ್ತಾಗುತ್ತದೆಂದು ಅವಳು ಅದೇ ಮಣ್ಣುದಾರಿಯಲ್ಲಿ ಹಿಂದಿರುಗಿ ನಡೆದಳು.